ಬಿಳಿ ಹಾಳೆಯ ಮೇಲೊಂದು ಹಕ್ಕು

ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಛಾಪಾ ಕಾಗದ ಬೇಕಿಲ್ಲ, ಶುಲ್ಕವಿಲ್ಲ, ವಕೀಲರನ್ನೂ ಹಿಡಿಯಬೇಕಿಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಅಂಚೆಗೆ ಹಾಕಿದರೂ ಆಯಿತು. ಆದರೆ ಆ ಹಾಳೆಯಲ್ಲಿ ಏನಿರಬೇಕು ಎಂಬುದು ಬಲ್ಲವರಿಗೇ ಗೊತ್ತು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿಯಲ್ಲಿ ಅಂಥ ಬಲ್ಲವರೊಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದರು. ಊರವರ ಹಾಗೆ ನಾನೂ ಅವರನ್ನು ಕಾಕಾ ಎನ್ನುತ್ತೇನೆ.

ಕಾಕಾ ಬಹಳ ವರ್ಷ ಶಿರಹಟ್ಟಿಯ ಕಚೇರಿಗಳ ಎದುರು ಅರ್ಜಿ ಬರೆದವರು. ಈಗ ಮನೆಯ ಕಟ್ಟೆಯೇ ಅವರ ಕಚೇರಿ. ನಾನು ಹೋದಾಗ ಪಕ್ಕದ ಹಳ್ಳಿಯ ತಾಯಿಯೊಬ್ಬರು ಕೂತಿದ್ದರು. ಮಗನನ್ನು ವಿಚಾರಣೆಗೆಂದು ಠಾಣೆಗೆ ಕರೆದೊಯ್ದು ಎರಡು ರಾತ್ರಿ ಕೂಡಿಹಾಕಿ ಹೊಡೆದರೆಂಬುದು ಅವರ ದೂರು.

“ಯಾವತ್ತು ಕರಕೊಂಡು ಹೋದ್ರವ್ವಾ?”

“ಅಮಾಸಿ ಮರುದಿನಾರಿ.”

ಕಾಕಾ ಗೋಡೆಯ ಕ್ಯಾಲೆಂಡರ್ ತಿರುವಿ ತಾರೀಖು ಹಿಡಿದರು. ಎಷ್ಟು ಗಂಟೆ ಎಂದರೆ ಆಕೆಗೆ ಗೊತ್ತಿಲ್ಲ. ದನ ಮನೆಗೆ ಬಂದಿದ್ದವೇ, ದೀಪ ಹಚ್ಚಿದ್ದಿರೇ, ಎಂದು ಕೇಳಿ ಕೇಳಿ ಸಂಜೆ ಏಳರ ಸುಮಾರು ಎಂದು ಗೊತ್ತುಮಾಡಿಕೊಂಡರು. ಯಾರು ನೋಡಿದರು? ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡರೇ? ದವಾಖಾನೆ ಚೀಟಿ ಇದೆಯೇ? ಆಕೆಗೆ ‘ರಾಕ್ಷಸರು’ ಎಂದು ಬರೆಸುವ ಆಸೆ. ಕಾಕಾ ಬರೆಯಲಿಲ್ಲ. “ಸಿಟ್ಟು ನಿನ್ನ ಹಂತ್ಯಾಕ ಇರ್ಲಿ ತಂಗಿ, ಹಾಳಿ ಮ್ಯಾಲ ತಾರೀಖು ಇರ್ಲಿ” ಎಂದರು.

ಅವರ ಒಂದೊಂದು ಪ್ರಶ್ನೆಯ ಹಿಂದೆಯೂ ಕಾನೂನು ನಿಂತಿದೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಬಂಧನದ ಮೆಮೊದಲ್ಲಿ ದಿನ, ಸಮಯ, ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕಟ್ಟಳೆ ಹಾಕಿದೆ. ಮೇಲಾಗಿ, ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಅಮಾವಾಸ್ಯೆಯ ಮರುದಿನಕ್ಕೆ ತಾರೀಖು ಸಿಗದಿದ್ದರೆ ಅರ್ಜಿಯ ಜೀವವೇ ಹೋದಂತೆ. ಬರೆದು ಮುಗಿಸಿ ಕಾಕಾ ಎರಡು ಸಲ ಓದಿ ಹೇಳಿದರು. ಎರಡನೆಯ ಸಲ ಓದುವಾಗ ಆಕೆ ಒಂದು ಕಡೆ ತಡೆದರು: ಹೊಡೆದವರು ಇಬ್ಬರು, ಮೂವರಲ್ಲ. ಅದನ್ನು ತಿದ್ದಿ, ಝೆರಾಕ್ಸ್ ಒಂದನ್ನು ಮನೆಯಲ್ಲಿಟ್ಟುಕೊಳ್ಳಲು ಹೇಳಿ, ಸ್ಪೀಡ್ ಪೋಸ್ಟ್ ರಸೀದಿ ಕಳೆಯಬೇಡವೆಂದು ಮತ್ತೆ ಮತ್ತೆ ಎಚ್ಚರಿಸಿ ಕಳಿಸಿದರು.

ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ದೊರೆಗೆ ಬರೆಯುವುದೆಂದರೆ ಮರಾಠಿ, ಅದೂ ಮೋಡಿ ಲಿಪಿ ಎಂದು ಕಾಕಾ ಹಿರಿಯರಿಂದ ಕೇಳಿದ್ದಾರೆ. ಆಗ ಅರ್ಜಿ ಎಂದರೆ ಬೇಡಿಕೊಳ್ಳುವುದು. ಹಕ್ಕು ಎಂದು ಕೇಳುವ ದಾರಿ ಸಂವಿಧಾನದಿಂದ ತೆರೆಯಿತು. ಅದಕ್ಕೆಂದೇ ಒಂದು ಬಾಗಿಲು ಸಿಕ್ಕಿದ್ದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿಂದ. ರಾಷ್ಟ್ರೀಯ ಆಯೋಗ ಆ ವರ್ಷವೇ ಹುಟ್ಟಿತು. ನಮ್ಮ ರಾಜ್ಯದಲ್ಲಿ ಆಯೋಗ ರಚನೆಯ ಆದೇಶ ಹೊರಟದ್ದು 2005ರಲ್ಲಿ, ನ್ಯಾಯಮೂರ್ತಿ ಎಸ್.ಆರ್. ನಾಯಕ್ ಮೊದಲ ಅಧ್ಯಕ್ಷರಾಗಿ ಕೆಲಸ ಶುರುವಾದದ್ದು 2007ರಲ್ಲಿ.

ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ತಪ್ಪು ಕಂಡರೆ ಪರಿಹಾರ ಕೊಡಿ, ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಶಿಫಾರಸು ಎಂಬಲ್ಲೇ ಕಾಕಾನ ನೋವಿರುವುದು. ಆಯೋಗದ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆಯಾದರೂ ಕಾಯ್ದೆಯ ಮಾತು ಬದಲಾಗಿಲ್ಲ. ಜಿಲ್ಲೆಗೊಂದು ಸೆಷನ್ಸ್ ನ್ಯಾಯಾಲಯವನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ಗೊತ್ತುಪಡಿಸಲು 30ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಅಲ್ಲಿ ಯಾವ ಅಪರಾಧಗಳ ವಿಚಾರಣೆ ನಡೆಯಬೇಕೆಂಬುದನ್ನು ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಅದನ್ನು ಬರೆದಿದ್ದರೆ ಗದಗದ ಬಸ್ಸು ಹತ್ತಿದರೆ ಸಾಕಿತ್ತು.

ಮಾಗಡಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಈ ನೆಲೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಒಪ್ಪಂದದ ನೆರಳಿಗೆ ಬಂತು. ಬರಲೇಬೇಕಾಗಿತ್ತು. ಮನುಷ್ಯರಿಗೆ ಆ ಬಗೆಯ ನೆರಳು ಏಷ್ಯಾದಲ್ಲಿಲ್ಲ. ಯುರೋಪಿನವರಿಗೆ 1959ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ, ಅಮೆರಿಕ ಖಂಡಗಳಿಗೆ 1979ರಿಂದ ಕೋಸ್ಟರಿಕಾದಲ್ಲಿ ಮಾನವ ಹಕ್ಕುಗಳ ಪ್ರಾದೇಶಿಕ ನ್ಯಾಯಾಲಯಗಳಿವೆ; ಆಫ್ರಿಕಾದ್ದು ತಾಂಜಾನಿಯಾದ ಅರುಶಾದಲ್ಲಿದೆ. ತಮ್ಮದೇ ಸರ್ಕಾರವನ್ನು ದೇಶದ ಹೊರಗಿನ ನ್ಯಾಯಾಧೀಶರ ಮುಂದೆ ನಿಲ್ಲಿಸುವ ದಾರಿ ಅಲ್ಲಿದೆ. ನಮ್ಮ ತಾಯಿಗಿರುವುದು ನಾನೂರು ಕಿಲೋಮೀಟರ್ ದೂರದ ಬೆಂಗಳೂರು. ರಿಟ್ ಹಾಕುವುದಾದರೆ ಧಾರವಾಡ. ಅಲ್ಲಿ ಹೈಕೋರ್ಟ್ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ, ಅದೂ ಈ ಭಾಗದ ವಕೀಲರ ದೀರ್ಘ ಹೋರಾಟದ ಮೇಲೆ. ಆಯೋಗಕ್ಕೂ ಧಾರವಾಡದಲ್ಲೊಂದು ಪೀಠ ಏಕಿರಬಾರದು?

ಅರ್ಜಿಗೆ ಕಿವಿ ಸಿಗದಿದ್ದರೆ ಏನಾಗುತ್ತದೆಂಬುದನ್ನು ಈ ಸೀಮೆ ಕಂಡಿದೆ. ಇಲ್ಲಿಗೆ ಬಹಳ ದೂರವೇನಲ್ಲದ ಸವಣೂರಿನಲ್ಲಿ 2010ರ ಜುಲೈನಲ್ಲಿ, ತಲೆಮಾರುಗಳಿಂದ ಇದ್ದ ಜಾಗ ಬಿಡಿಸಲು ಹೊರಟಾಗ, ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ನಾಡೇ ತಿರುಗಿ ನೋಡಿದ್ದು ಆಮೇಲೆ. ಆ ದಿನದ ಮಾತು ಬಂದರೆ ಕಾಕಾ ಇಂದಿಗೂ ಬಹಳ ಹೊತ್ತು ಸುಮ್ಮನಾಗುತ್ತಾರೆ.

ಈಗ ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕಂಪ್ಯೂಟರ್ ಅಂಗಡಿಯ ಹುಡುಗರು ಹತ್ತು ನಿಮಿಷದಲ್ಲಿ ಕಳಿಸಿಕೊಡುತ್ತಾರೆ, ಅವರ ಮೇಲೆ ಕಾಕಾಗೆ ಬೇಸರವಿಲ್ಲ. ಒಬ್ಬಿಬ್ಬರನ್ನು ಕಟ್ಟೆಗೆ ಕರೆಸಿ ಕೂರಿಸಿಕೊಂಡೂ ನೋಡಿದರು. ಹುಡುಗರು ಬೇಗ ಕಲಿತರು, ಬೇಗ ಊರೂ ಬಿಟ್ಟರು. “ಅಂವಾ ಎಷ್ಟೊತ್ತಿಗೆ ಹ್ವಾದಾ ಅಂತ ಕೇಳಾಕ ಅರ್ಧಾ ತಾಸು ಬೇಕಾಗತೈತ್ರಿ” ಎಂದರು ಕಾಕಾ, “ಈಗಿನ ಹುಡುಗೂರಿಗೆ ಅಷ್ಟು ಪುರಸೊತ್ತು ಎಲ್ಲಿಂದ ತರೂದು?”