ನಿಂತ ಕಾರು ಮತ್ತೆ ಓಡುವ ಮುನ್ನ

ಭಟ್ಕಳದಿಂದ ಹೊನ್ನಾವರಕ್ಕೆ, ಹೊನ್ನಾವರದಿಂದ ಕುಮಟೆಗೆ ಹೋಗುವವರು ಹೆದ್ದಾರಿಯನ್ನು ಬಿಟ್ಟು ಒಳಗಿನ ಕೇರಿಗಳನ್ನು ಹೊಕ್ಕರೆ, ಹಳೆಯ ಮನೆಗಳ ಮಗ್ಗುಲಿನಲ್ಲಿ, ಮಡಲಿನ ಚಪ್ಪರದಡಿಯಲ್ಲೋ ಹಂಚಿನ ಕೊಟ್ಟಿಗೆಯಲ್ಲೋ ಮೌನವಾಗಿ ನಿಂತ ಅಂಬಾಸಡರ್ ಅಥವಾ ಫಿಯೆಟ್ ಕಾರೊಂದು ಕಣ್ಣಿಗೆ ಬೀಳುವುದುಂಟು. ಹಿರಿಯರು ತೀರಿಕೊಂಡರು, ಮಕ್ಕಳು ಮುಂಬಯಿಗೋ ಕೊಲ್ಲಿ ನಾಡುಗಳಿಗೋ ಹೋದರು, ಕಾರು ಮಾತ್ರ ಉಳಿಯಿತು. ರಜೆಯಲ್ಲಿ ಬಂದ ಮಗ ಹೊಸ ಬ್ಯಾಟರಿಯೊಂದನ್ನು ತಂದು ಜೋಡಿಸಿ, ಆಸೆಯಿಂದ ಕೀಲಿ ತಿರುಗಿಸುತ್ತಾನೆ. ಆ ಕಾರಿನ ಪಾಲಿಗೆ ಅದಕ್ಕಿಂತ ಅಪಾಯದ ಗಳಿಗೆ ಬೇರೊಂದಿಲ್ಲ.

ಯಂತ್ರವು ಓಡಿ ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು; ನಿಂತೂ ಸವೆಯುತ್ತದೆಂಬುದನ್ನು ಬಲ್ಲವರು ಕಡಿಮೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಗಾಳಿಯಲ್ಲಿಯೇ ಉಪ್ಪು ಬೆರೆತಿರುವ ನಮ್ಮ ಕರಾವಳಿಯಲ್ಲಿ ಈ ಮಾತು ಇಮ್ಮಡಿ ಸತ್ಯ. ಎಂಜಿನಿನ ಒಳಗೋಡೆಗೆ ಅಂಟಿದ್ದ ಎಣ್ಣೆಯ ಪೊರೆ ಕಾಲಕ್ರಮದಲ್ಲಿ ಕೆಳಗಿಳಿಯುತ್ತದೆ; ಬರಿದಾದ ಕಬ್ಬಿಣವನ್ನು ತೇವ ಮುಟ್ಟುತ್ತದೆ; ಪಿಸ್ಟನ್ನಿನ ಬಳೆಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಸ್ಟಾರ್ಟರಿನ ಬಲ ಬಿದ್ದರೆ ಬಳೆಗಳು ಮುರಿಯಬಹುದು, ಗೋಡೆ ಗೀರಬಹುದು. 1958ರಲ್ಲಿ ಆರಂಭವಾದ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಕೆಡಿಸಿದ ಬಿಡಿಭಾಗಕ್ಕೆ ಬದಲಿ ದೊರಕಿಸುವುದು ಇಂದು ಸುಲಭದ ಕೆಲಸವಲ್ಲ.

ಆದ್ದರಿಂದ ಮೊದಲ ಔಷಧ ತಾಳ್ಮೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಚಮಚೆಯಷ್ಟು ಎಣ್ಣೆ ಬಿಟ್ಟು, ಒಂದೆರಡು ದಿನ ಸುಮ್ಮನಿರಬೇಕು. ಬಳಿಕ ಹಳೆಯ ಅಂಬಾಸಡರಿನ ಮುಂಭಾಗದಿಂದ ತೂರಿಸುವ ಕೈಹಿಡಿಯಿಂದ ಎಂಜಿನನ್ನು ಮೆಲ್ಲನೆ ತಿರುಗಿಸಿ ನೋಡಬೇಕು. ಅದು ತಿರುಗಲು ಒಲ್ಲೆನೆಂದರೆ ಬಲಪ್ರಯೋಗ ಸಲ್ಲದು. ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಸರಾಗವಾಗಿ ತಿರುಗಿದ ಮೇಲೆ ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ತುಂಬಿ, ಪ್ಲಗ್ಗುಗಳಿಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ಏರುವುದನ್ನು ಕಂಡುಕೊಳ್ಳಬೇಕು.

ಎರಡನೆಯದು ಪೆಟ್ರೋಲು. ವರ್ಷಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ವಾರ್ನಿಷಿನ ವಾಸನೆ ಬೀರುವ ಅಂಟಾಗುತ್ತದೆ. ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಅದು ಮುಚ್ಚಿಬಿಡುತ್ತದೆ. ಟ್ಯಾಂಕನ್ನು ಬರಿದುಮಾಡಿ ತೊಳೆಯದೆ ಹೊಸ ಪೆಟ್ರೋಲು ಸುರಿಯುವುದು ವ್ಯರ್ಥ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವುದರಿಂದ, ಅದನ್ನು ಸೈರಿಸಲಾರದ ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸುವುದು ಲೇಸು. ಸೋರಿದ ಒಂದು ಹನಿ, ಇಲಿ ಕಡಿದ ತಂತಿಯ ಒಂದು ಕಿಡಿ, ಇವೆರಡು ಕೂಡಿದರೆ ಕಾರಿನೊಡನೆ ಕೊಟ್ಟಿಗೆಯೂ ಹೋದೀತು. ತಂತಿಗಳನ್ನು ಪರೀಕ್ಷಿಸುವ ತನಕ ಬ್ಯಾಟರಿ ದೂರವಿರಲಿ. ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನನ್ನು ನಡೆಸಲೂ ಬಾರದು. ಅದರ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವಿದೆ.

ಆದರೆ ಇಷ್ಟೆಲ್ಲ ಮಾಡಿ ಎಂಜಿನು ಗುಡುಗಿದಾಗ ಉಕ್ಕುವ ಸಂತೋಷದಲ್ಲಿ ಜನ ಮರೆಯುವ ಸಂಗತಿ ಬೇರೊಂದಿದೆ. ಅದೇ ಬ್ರೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಆ ತೇವದಿಂದ ಗಾಲಿಗಳ ಬಳಿಯ ಸಿಲಿಂಡರುಗಳು ಒಳಗಿಂದೊಳಗೆ ತುಕ್ಕು ಹಿಡಿಯುತ್ತವೆ, ರಬ್ಬರಿನ ಬಟ್ಟಲುಗಳು ಬಿರುಸಾಗುತ್ತವೆ. ಅಂಗಳದಲ್ಲಿ ಒಮ್ಮೆ ಹಿಡಿದ ಬ್ರೇಕು ಇಳಿಜಾರಿನಲ್ಲಿ ಕೈಕೊಡಬಹುದು. ಟಯರುಗಳ ವಿಚಾರವೂ ಹಾಗೆಯೇ: ಗೀರುಗಳು ಆಳವಾಗಿಯೇ ಕಂಡರೂ ವಯಸ್ಸಾದ ರಬ್ಬರು ಬಿರಿದಿರುತ್ತದೆ. ಓಡಿಸುವ ವಿದ್ಯೆಗೆ ಮೊದಲು ನಿಲ್ಲಿಸುವ ವಿದ್ಯೆ ಸರಿಯಾಗಬೇಕು.

ನಮ್ಮ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ದಡಕ್ಕೆಳೆದ ದೋಣಿಯನ್ನು ಅವರು ಹಲಗೆ ಹಲಗೆಯಾಗಿ ನೋಡಿ, ಬಿರುಕು ಮುಚ್ಚಿದ ಮೇಲೆಯೇ ನೀರಿಗಿಳಿಸುತ್ತಾರೆ.

ಕಾಗದಪತ್ರಗಳದೂ ಒಂದು ಹಾದಿಯುಂಟು. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕೃತವಾಗಿರಬೇಕು, ವಿಮೆ ಇರಬೇಕು. ಈ ಭಾಗದವರು ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ, 50 ವರ್ಷ ಮೀರಿ ಮೂಲರೂಪವನ್ನು ಉಳಿಸಿಕೊಂಡ ಕಾರನ್ನು ‘ವಿಂಟೇಜ್’ ವಾಹನವೆಂದು ನೋಂದಾಯಿಸಲೂ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಮೇಲೆ ಅದು ನಿತ್ಯದ ಓಡಾಟಕ್ಕಲ್ಲ.

ಇವೆಲ್ಲ ಮುಗಿದ ಮೇಲೂ ಮೊದಲ ಪಯಣ ಶರಾವತಿಯ ಸೇತುವೆಯವರೆಗೆ ಬೇಡ. ಅಂಗಳದ ಈ ತುದಿಯಿಂದ ಆ ತುದಿಗೆ ಸಾಕು. ಅಷ್ಟು ದೂರ ಹೋಗಿ, ಬಯಸಿದಲ್ಲಿ ನಿಂತರೆ, ಆ ಕಾರು ರಸ್ತೆಗಿಳಿಯಲು ಯೋಗ್ಯವಾಗುತ್ತಿದೆಯೆಂದು ತಿಳಿಯಬಹುದು.