ಸುಖ ಹೆಚ್ಚಾದ ಆರ್ಕಿಡ್ ಹೂ ಬಿಡುವುದಿಲ್ಲ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆಯ ಅಡಿಕೆ ತೋಟಗಳಿಗೆಲ್ಲ ವೆನಿಲ್ಲಾ ಜ್ವರ ಬಂದಿತ್ತು. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ನೆಲಕಚ್ಚಿಸಿತು. ಜಗತ್ತಿಗೆ ಬೇಕಾದ ವೆನಿಲ್ಲಾದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದ್ದುದರಿಂದ ಬೆಲೆ ಏರುತ್ತಲೇ ಹೋಗಿ, 2003ರ ಹೊತ್ತಿಗೆ ಇಲ್ಲಿ ಹಸಿ ಬೀನ್ಸ್ ಕಿಲೋಗೆ 3,000 ರೂಪಾಯಿ ದಾಟಿತು. ಆಮೇಲೆ ಆದದ್ದು ಊರಿಗೆಲ್ಲ ಗೊತ್ತು. ಬೆಲೆ ಹೋಯಿತು, ವಿದ್ಯೆ ಮಾತ್ರ ಕೆಲವರ ಕೈಯಲ್ಲಿ ಉಳಿಯಿತು. ವೆನಿಲ್ಲಾ ಆರ್ಕಿಡ್ ಕುಟುಂಬದ ಬಳ್ಳಿ. ಜಗಲಿಯಲ್ಲಿ ಆರ್ಕಿಡ್ ಕುಂಡ ತೂಗಿಸಿ, ವರ್ಷ ಕಳೆದರೂ ಮೊಗ್ಗಿಲ್ಲವೆಂದು ಬೇಸರಿಸುವವರು ವೆನಿಲ್ಲಾ ಬೆಳೆದ ಹಿರಿಯರನ್ನು ಒಮ್ಮೆ ಮಾತಾಡಿಸುವುದು ಒಳ್ಳೆಯದು.

ಗೊಬ್ಬರದ ಗಿಡಕ್ಕೆ (ಗ್ಲಿರಿಸಿಡಿಯಾ) ಹಬ್ಬಿದ ವೆನಿಲ್ಲಾ ಮೇಲೇರುತ್ತಿರುವಷ್ಟು ಕಾಲ ಹೂವಿನ ಗೊಡವೆಗೆ ಹೋಗುವುದಿಲ್ಲ. ತುದಿಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ಅದಕ್ಕೇ ಬಳ್ಳಿಯನ್ನು ಕೈಗೆಟಕುವ ಎತ್ತರದಲ್ಲಿ ಬಾಗಿಸಿ ಇಳಿಬಿಡುತ್ತಿದ್ದರು. ಹೂವಿನ ಕಾಲಕ್ಕೆ ಆರೇಳು ತಿಂಗಳ ಮೊದಲು ನಾಲ್ಕೈದು ಇಂಚು ತುದಿ ಚಿವುಟುತ್ತಿದ್ದರು. ಮಳೆ ಹೋದ ಮೇಲೆ ನೀರು ಕೊಡುವುದರಲ್ಲೂ ಜಿಪುಣತನ ಮಾಡುತ್ತಿದ್ದರು. ಹೀಗೆ ಸತಾಯಿಸಿದ ಬಳ್ಳಿಯಲ್ಲಿ ಗೊಂಚಲು ಹೊರಡುತ್ತಿತ್ತು. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವಿಗೆ ಹಿಡಿಸೂಡಿ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಕೆಲಸ ಬೇರೆ. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದದ್ದು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ.

ಹೂ ಬಿಡುವುದು ಗಿಡಕ್ಕೆ ದುಬಾರಿ ಬಾಬತ್ತು. ನೀರು, ಗೊಬ್ಬರ, ನೆರಳು ಎಲ್ಲ ತಡೆಯಿಲ್ಲದೆ ಸಿಗುತ್ತಿದ್ದರೆ ಅದು ಎಲೆ, ಬೇರುಗಳನ್ನೇ ಬೆಳೆಸುತ್ತ ಆರಾಮವಾಗಿರುತ್ತದೆ. ಋತು ಬದಲಾಯಿತೆಂಬ ಸುಳಿವು ಸಿಕ್ಕರೆ ಮಾತ್ರ ಹೂವಿಗೆ ಕೈಹಾಕುತ್ತದೆ. ಈ ಸುಳಿವು ಎಷ್ಟು ನಿಖರವಾಗಿರಬಹುದೆಂಬುದಕ್ಕೆ ಆಗ್ನೇಯ ಏಷ್ಯಾದ ಪಾರಿವಾಳ ಆರ್ಕಿಡ್ ಸಾಕ್ಷಿ. ಜೋರು ಮಳೆಯಿಂದ ಉಷ್ಣತೆ ಥಟ್ಟನೆ ಐದಾರು ಡಿಗ್ರಿ ಇಳಿದರೆ, ಸುಮಾರು ಒಂಬತ್ತು ದಿನಕ್ಕೆ ಊರಿಡೀ ಇರುವ ಆ ಜಾತಿಯ ಗಿಡಗಳೆಲ್ಲ ಒಂದೇ ದಿನ ಅರಳುತ್ತವೆ. ಹೂವಿನ ಆಯುಷ್ಯ ಒಂದೇ ದಿನ. ಎಲ್ಲವೂ ಒಟ್ಟಿಗೆ ಅರಳದಿದ್ದರೆ ಪರಾಗ ಕೂಡುವುದು ಕಷ್ಟ.

ನಮ್ಮ ಕಾಡಿನ ಆರ್ಕಿಡ್ ಸೀತಾಳೆದಂಡೆಗೂ ಇಂಥದೇ ಒಂದು ಪಂಚಾಂಗ ಉಂಟು. ಹಲಸಿನ ಮರದ ಮೇಲೆ ಚಳಿ, ಬಿಸಿಲುಗಳನ್ನು ಬರೀ ಮಂಜಿನ ನೀರಿನಲ್ಲಿ ಕಳೆದು, ಮೇ ಕೊನೆಯ ವಾರದ ಪತ್ತನಾಜೆಯ ಆಸುಪಾಸಿಗೆ ನೇರಳೆ ಚುಕ್ಕೆಯ ದಂಡೆಗಳನ್ನು ಇಳಿಬಿಡುತ್ತದೆ. ಅಸ್ಸಾಮಿನ ಹೆಂಗಸರು ಬಿಹು ಹಬ್ಬಕ್ಕೆ ಮುಡಿಯುವುದೂ ಇದೇ ಹೂವನ್ನು. ಇದರ ಬೇರಿಗೆ ವೆಲಾಮೆನ್ ಎಂಬ ಸತ್ತ ಕೋಶಗಳ ಹೊದಿಕೆ ಇದೆ. ಮಳೆ ಬಿದ್ದರೆ ಸ್ಪಂಜಿನಂತೆ ನೀರು ಹೀರಿ ಹಸಿರಾಗುತ್ತದೆ, ಒಣಗಿದರೆ ಬೆಳ್ಳಗಾಗುತ್ತದೆ. ಬೇರು ಬೆಳ್ಳಗಾದರೆ ಗಿಡ ಸತ್ತೇಹೋಯಿತೆಂದು ಗಾಬರಿಯಾಗಿ ನೀರು ಸುರಿಯುವವರೇ ಹೆಚ್ಚು. ಚಂಪಾ ಷಷ್ಠಿಯಿಂದ ಶಿವರಾತ್ರಿವರೆಗೆ ಆ ಆಸೆಯನ್ನು ಹತ್ತಿಕ್ಕಬೇಕು. ವಾರಕ್ಕೊಮ್ಮೆ ತುಸು ಚಿಮುಕಿಸಿದರೆ ಸಾಕು.

ನರ್ಸರಿಯಿಂದ ತಂದ ಗಿಡಗಳ ವಿಷಯ ಬೇರೆ. ಇಲ್ಲಿ ಮೊದಲು ಗಿಡ ಯಾವುದೆಂದು ತಿಳಿದಿರಬೇಕು, ಎಲ್ಲದಕ್ಕೂ ಒಂದೇ ಮದ್ದಿಲ್ಲ. ಕಬ್ಬಿನಂಥ ಕಾಂಡದ ತುದಿಯಿಂದ ಹೂದಂಟು ಬಿಡುವ ಹೈಬ್ರಿಡ್ ಡೆಂಡ್ರೋಬಿಯಂ ನಮ್ಮ ಸೆಕೆಗೆ ಹೇಳಿಮಾಡಿಸಿದ್ದು. ಇದು ಹೂ ಬಿಡದಿದ್ದರೆ ತೊಂಬತ್ತು ಪಾಲು ಬೆಳಕಿನದೇ ಕೊರತೆ. ಎಲೆ ಕಡುಹಸಿರಾಗಿ ಮಿಂಚುತ್ತಿದ್ದರೆ ನಾವು ಖುಷಿಪಡುತ್ತೇವೆ, ಹೂವಿನ ಲೆಕ್ಕದಲ್ಲಿ ಅದು ಕೆಟ್ಟ ಲಕ್ಷಣ. ಎಲೆ ತುಸು ಹಳದಿಗೆ ತಿರುಗುವಷ್ಟು ಬೆಳಕು ಬೇಕು. ಅಡಿಕೆ ತೋಟದ ನೆರಳು ಇದಕ್ಕೆ ವಿಪರೀತ. ಅಂಗಳದಲ್ಲಿ ಅರ್ಧ ಬಿಸಿಲು ಬಿಡುವ ನೆಟ್ ಕೆಳಗೆ ಇಟ್ಟು, ಯೂರಿಯಾದಂಥ ಸಾರಜನಕ ಗೊಬ್ಬರ ನಿಲ್ಲಿಸಿ ನೋಡಿ. ಎಲೆ ಉದುರಿದ ಹಳೆಯ ಕಾಂಡವನ್ನು ಕತ್ತರಿಸಬಾರದು. ಅದರಿಂದಲೂ ಹೂ ಬರುತ್ತದೆ.

ಕಾಂಡದ ಉದ್ದಕ್ಕೂ ಗಂಟುಗಂಟಿಗೆ ಹೂ ಬಿಡುವ ನೋಬೈಲ್ ಬಗೆಯ ಡೆಂಡ್ರೋಬಿಯಂ ಹಾಗಲ್ಲ. ಅದಕ್ಕೆ ತಂಪೂ ಬೇಕು, ಒಣಹವೆಯೂ ಬೇಕು. ಚಳಿಗಾಲದಲ್ಲಿ ನೀರು, ಗೊಬ್ಬರ ಕೊಟ್ಟು ಸಾಕಿದರೆ ಹೂ ಬರಬೇಕಾದ ಗಂಟಿನಲ್ಲಿ ಮರಿಗಿಡ ಹೊರಡುತ್ತದೆ.

ಅತಿ ಹೆಚ್ಚು ನಿರಾಸೆ ಮಾಡುವುದು ಫೆಲನಾಪ್ಸಿಸ್. ಅಗಲ ಎಲೆ, ಪಾತರಗಿತ್ತಿಯಂಥ ಹೂವಿನ ಈ ಗಿಡ ಅಂಗಡಿಯಿಂದ ಬರುವಾಗ ತುಂಬ ಹೂ, ಆಮೇಲೆ ವರ್ಷಗಟ್ಟಲೆ ಬರೀ ಎಲೆ. ಕೆಲವು ವಾರಗಳ ಕಾಲ ಹಗಲಿನ ಉಷ್ಣತೆಯೂ 26 ಡಿಗ್ರಿಯೊಳಗೆ ಇಳಿಯದಿದ್ದರೆ ಇದು ಹೂದಂಟು ಹೊರಡಿಸುವುದು ಕಷ್ಟ. ಬೆಳೆಗಾರರು ತಂಪು ಮನೆಗಳಲ್ಲಿಟ್ಟು ಹೂ ಬಿಡಿಸಿಯೇ ಮಾರುತ್ತಾರೆ. ಡಿಸೆಂಬರಿನಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುವ ಪುತ್ತೂರಿನಲ್ಲಿ ಅದಕ್ಕೆ ಸುಳಿವೇ ಸಿಗುವುದಿಲ್ಲ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದರೆ ಅದೇ ಗಿಡ ದಂಟು ಬಿಡುತ್ತದೆ. ಅಲ್ಲಿ ನೆಂಟರಿದ್ದರೆ ನವೆಂಬರಿನಲ್ಲಿ ಕುಂಡ ಕೊಟ್ಟು, ದಂಟು ಉದ್ದವಾಗಿ ಮೊಗ್ಗು ಕಾಣಿಸಿಕೊಂಡ ಮೇಲೆ ಇಳಿಸಿ ತರಬಹುದು. ನೆಂಟರಿಲ್ಲದವರು ಫೆಲನಾಪ್ಸಿಸ್‌ಗೆ ಕೊಡುವ ದುಡ್ಡಿಗೆ ಎರಡು ಡೆಂಡ್ರೋಬಿಯಂ ಕೊಳ್ಳುವುದೇ ವಾಸಿ.

ಅದೂ ಬೇಡವೆಂದರೆ ಸೀತಾಳೆದಂಡೆ ಇದ್ದೇ ಇದೆ. ಸುಬ್ರಹ್ಮಣ್ಯ, ಬಿಸಿಲೆಯ ಕಾಡಿನಿಂದ ಕಿತ್ತು ತರುವುದು ಮಾತ್ರ ಬೇಡ. ಸ್ವಂತ ತೋಟದಲ್ಲೇ ಗಾಳಿಮಳೆಗೆ ಮುರಿದುಬಿದ್ದ ಕೊಂಬೆಯಲ್ಲಿ ಗಿಡ ಸಿಕ್ಕಿದರೆ, ಮಳೆ ನಿಲ್ಲುವ ಮೊದಲೇ ಹಲಸಿನ ಮರದ ಪೂರ್ವದ ಮಗ್ಗುಲಿಗೆ ತೆಂಗಿನ ನಾರಿನಿಂದ ಬಿಗಿಯಾಗಿ ಕಟ್ಟಿ. ಬೇರು ತೊಗಟೆ ಹಿಡಿಯುವವರೆಗೆ ಅಲುಗಾಡಬಾರದು, ಜಾಗ ಬದಲಿಸಲೂಬಾರದು. ಹೂ ನೋಡಲು ಎರಡು ಮೂರು ಪತ್ತನಾಜೆ ಕಾಯಬೇಕಾದೀತು.