ಗೋದೌಲಿಯಾ: ಕಾಶಿಯಲ್ಲೊಂದು ಕನ್ನಡದ ಹೊಸ್ತಿಲು

ಬೆಳಗಿನ ಐದೂವರೆ. ಕ್ಯಾಂಟ್ ಸ್ಟೇಷನ್ನಿನಿಂದ ನಮ್ಮನ್ನು ಹೊತ್ತು ತಂದ ಇ–ರಿಕ್ಷಾ ಗಿರ್ಜಾಘರ್ ದಾಟಿ ಸ್ವಲ್ಪ ದೂರ ಬಂದು ನಿಂತಿತು. ಎದುರಿಗೆ ಪೊಲೀಸರ ಬ್ಯಾರಿಕೇಡು. ‘ಗೋದೌಲಿಯಾ ಬಂತು, ಇನ್ನು ನಡೆದೇ ಹೋಗಬೇಕು’ ಎಂದು ಚಾಲಕ ಕೈ ತೋರಿಸಿದ. ಚೌಕದ ನಡುವೆ ಕಲ್ಲಿನ ಕಂಬ, ಅದರ ಮೇಲೆ ನಂದಿ. ನಮ್ಮ ಜೊತೆಗೆ ರಿಕ್ಷಾ ಹಂಚಿಕೊಂಡಿದ್ದ ಜಮಖಂಡಿ ಕಡೆಯ ಅಜ್ಜಿ ಚೀಲ ಕೆಳಗಿಟ್ಟು ಎರಡೂ ಕೈ ಮುಗಿದರು. ‘ನೋಡ ತಮ್ಮಾ, ನಮ್ಮ ಬಸವಣ್ಣ ನಮಗಿಂತ ಮೊದಲ ಬಂದು ಕುಂತಾನ’ ಎಂದರು.

ಕಾಶಿಗೆ ಹೋಗುವ ಕನ್ನಡಿಗರೆಲ್ಲ ಗೋದೌಲಿಯಾ ದಾಟಿಯೇ ಹೋಗುತ್ತಾರೆ. ಆದರೆ ಅಲ್ಲಿ ನಿಲ್ಲುವವರು ಕಡಿಮೆ. ವಿಶ್ವನಾಥನ ದರ್ಶನದ ಸಾಲು, ಗಂಗಾಸ್ನಾನದ ಹೊತ್ತು, ಸಂಜೆಯ ಆರತಿ ಎಂಬ ಅವಸರದಲ್ಲಿ ಈ ಚೌಕ ಬರೀ ಜನಜಂಗುಳಿಯಾಗಿ ಕಂಡು ಮರೆತುಹೋಗುತ್ತದೆ. ನಾನೂ ಮೊದಲ ಸಲ ಹಾಗೆಯೇ ದಾಟಿಹೋದವನು. ಎರಡನೆಯ ಸಲ ಎರಡು ದಿನ ಇಲ್ಲಿಯೇ ಉಳಿದೆ. ಕಾಶಿಯಲ್ಲಿ ಕನ್ನಡಿಗರಿಗೆ ತೀರ ಹತ್ತಿರವಾದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ಈಗ ಈ ಚೌಕದ ಹೆಸರನ್ನೇ ಹೇಳುತ್ತೇನೆ.

ನಾಲ್ಕು ದಾರಿ, ನಾಲ್ಕು ಕಾಶಿ

ಚೌಕದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಹಳೆಯ ಕಾಶಿಯ ನಕ್ಷೆ ಅರ್ಥವಾಗುತ್ತದೆ. ಪೂರ್ವಕ್ಕೆ ಹೋದರೆ ದಶಾಶ್ವಮೇಧ ಘಾಟ್ ಮತ್ತು ಗಂಗೆ. ಉತ್ತರಕ್ಕೆ ಬಾಂಸ್‌ಫಾಟಕ್, ವಿಶ್ವನಾಥ ದೇವಾಲಯ, ಆಚೆಗೆ ಸೀರೆ ಮತ್ತು ಪಾತ್ರೆ ವ್ಯಾಪಾರದ ಚೌಕ್. ಪಶ್ಚಿಮಕ್ಕೆ ಸೇಂಟ್ ಥಾಮಸ್ ಚರ್ಚು. ಗಿರ್ಜಾಘರ್ ಎಂಬ ಹೆಸರು ಆ ಚರ್ಚಿನಿಂದಲೇ ಬಂದದ್ದು. ದಕ್ಷಿಣಕ್ಕೆ ಜಂಗಮವಾಡಿ, ಅದರಾಚೆ ನೇಕಾರರ ಮದನಪುರ. ದೇವಸ್ಥಾನ, ಚರ್ಚು, ವೀರಶೈವ ಮಠ, ಮುಸ್ಲಿಂ ನೇಕಾರರ ಮಗ್ಗ, ಪಕ್ಕದಲ್ಲೇ ಬಂಗಾಲಿಗಳ ಕೇರಿಯಾದ ಬಂಗಾಲಿ ಟೋಲಾ. ಎಲ್ಲವೂ ನಡೆದು ನೋಡುವಷ್ಟು ಹತ್ತಿರ.

ಮದನಪುರದ ದಾರಿಯಲ್ಲಿ ಗಲ್ಲಿಗಳೊಳಗಿನಿಂದ ಮಗ್ಗದ ಟಕಟಕ ಕೇಳಿಸುತ್ತಿತ್ತು. ನಮ್ಮ ಮದುವೆಮನೆಗಳಲ್ಲಿ ಮೆರೆಯುವ ಬನಾರಸ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಈ ಮಗ್ಗಗಳಿಗೆ ಬರುವ ರೇಷ್ಮೆ ನೂಲಿನಲ್ಲಿ ಕರ್ನಾಟಕದ್ದೂ ಇದೆ. ನಮ್ಮ ಕಡೆಯ ಹಿಪ್ಪುನೇರಳೆ ತೋಟದಲ್ಲಿ ಹುಟ್ಟಿದ ಎಳೆ ಇಲ್ಲಿ ಜರಿ ಹೊದ್ದು, ಸೀರೆಯಾಗಿ ಮತ್ತೆ ನಮ್ಮೂರಿಗೇ ಮರಳುವುದುಂಟು.

ರಸ್ತೆಯ ಕೆಳಗೊಂದು ಗೋದಾವರಿ

ಗೋದೌಲಿಯಾ ಎಂಬ ಹೆಸರಿನ ಮೂಲ ಗೋದಾವರಿ ಎನ್ನುತ್ತಾರೆ. ಹಿಂದೆ ಕಾಶಿಯ ಒಳಭಾಗದಲ್ಲಿ ಹೊಂಡ, ಕೆರೆಗಳು ಬಹಳ ಇದ್ದವು. ಮಳೆಗಾಲದಲ್ಲಿ ಪಶ್ಚಿಮದ ಕೆರೆಗಳಿಂದ ಉಕ್ಕಿದ ನೀರು ತೊರೆಯಾಗಿ ಈ ಜಾಗವನ್ನು ಹಾದು ದಶಾಶ್ವಮೇಧದ ಬಳಿ ಗಂಗೆಯನ್ನು ಸೇರುತ್ತಿತ್ತು. ಜನ ಅದನ್ನು ಗೋದಾವರಿ ಎಂದು ಕರೆದರು. ಕಾಲಕ್ರಮದಲ್ಲಿ ತೊರೆ ಮುಚ್ಚಿಹೋಗಿ ಅದರ ಜಾಡಿನಲ್ಲಿ ರಸ್ತೆ ಬಂತು. ನದಿಯ ಹೆಸರು ಚೌಕಕ್ಕೆ ಉಳಿಯಿತು.

ಆ ಹಳೆಯ ಕಾಶಿಯನ್ನು ಅಳೆದು 1822ರಲ್ಲಿ ನಗರದ ನಕ್ಷೆ ಮಾಡಿದವನು ಇಲ್ಲಿನ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್. ಮುಂದೆ 1837ರಲ್ಲಿ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದವನೂ ಇವನೇ. ಆ ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದ್ದು 1915ರಲ್ಲಿ ಬೆಳಕಿಗೆ ಬಂದ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ.

ಗೋದಾವರಿ ಎಂದರೆ ಕನ್ನಡಿಗರ ಕಿವಿ ನಿಮಿರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಕಾವೇರಿ ಮತ್ತು ಗೋದಾವರಿಯ ಹೆಸರನ್ನೇ ಹಿಡಿಯುತ್ತದೆ. ಕಾಶಿಯ ತೊರೆಗೂ ದಕ್ಷಿಣದ ಆ ಮಹಾನದಿಗೂ ನೀರಿನ ನಂಟಿಲ್ಲ, ಹೆಸರಿನ ನಂಟು ಮಾತ್ರ. ಆದರೂ ನಮ್ಮ ನಾಡಿನ ಬಡಗಣ ಗಡಿಯ ಹೆಸರು ಹೊತ್ತ ಚೌಕದಿಂದ ನಾಲ್ಕು ಹೆಜ್ಜೆ ದಕ್ಷಿಣಕ್ಕೆ ಇಟ್ಟರೆ ಕನ್ನಡ ಕಿವಿಗೆ ಬೀಳುತ್ತದೆ ಎಂಬುದನ್ನು ನೆನೆದು ಮನಸ್ಸು ತುಂಬಿಬಂತು.

ಜಂಗಮವಾಡಿಯ ಅಂಗಳದಲ್ಲಿ

ಆ ಕನ್ನಡ ಕೇಳಿಸುವುದು ಜಂಗಮವಾಡಿ ಮಠದಲ್ಲಿ. ಸ್ಥಳೀಯರ ಬಾಯಲ್ಲಿ ಅದು ‘ಜಂಗಮ್‌ಬಾಡಿ’. ವೀರಶೈವರ ಪಂಚಪೀಠಗಳಲ್ಲಿ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲಗಳ ಜೊತೆ ಕಾಶಿಯೂ ಒಂದು. ಜಗದ್ಗುರು ವಿಶ್ವಾರಾಧ್ಯರ ಪರಂಪರೆಯ ಈ ಪೀಠಕ್ಕೆ ಜ್ಞಾನ ಸಿಂಹಾಸನ ಎಂಬ ಹೆಸರಿದೆ. ಇಲ್ಲಿನ ಜಂಗಮರಿಗೆ ಭೂಮಿ ನೀಡಿದ, ಅವರ ಹಕ್ಕನ್ನು ಎತ್ತಿಹಿಡಿದ ಮೊಘಲ್ ದೊರೆಗಳ ಫರ್ಮಾನುಗಳು ಇತಿಹಾಸಕಾರರಿಗೆ ಚಿರಪರಿಚಿತ. ಅಕ್ಬರನ ಕಾಲದ್ದೂ ಇವೆ, ಔರಂಗಜೇಬನ ಕಾಲದ್ದೂ ಇವೆ. ಪಾರ್ಸಿ ಲಿಪಿಯ ಆ ಕಾಗದಗಳು ಶೈವ ಮಠವೊಂದರ ಆಸ್ತಿಯಾಗಿ ಉಳಿದುಬಂದಿರುವುದು ಈ ನೆಲದ ಚರಿತ್ರೆ ಎಷ್ಟು ಹೆಣೆದುಕೊಂಡದ್ದು ಎಂಬುದನ್ನು ತೋರಿಸುತ್ತದೆ.

ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಲಿಂಗಗಳು. ಗೋಡೆಯ ಬುಡದಲ್ಲಿ, ಗೂಡುಗಳಲ್ಲಿ, ಅಂಗಳದ ಅಂಚಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತ ಕರಿಕಲ್ಲಿನ ಶಿವಲಿಂಗಗಳು. ಹೆಬ್ಬೆರಳಿನಷ್ಟು ಪುಟ್ಟವು ಇವೆ, ತಂಬಿಗೆಯಷ್ಟು ದೊಡ್ಡವೂ ಇವೆ. ಕೆಲವದರ ಮೇಲೆ ಆಗಷ್ಟೇ ಎಳೆದ ವಿಭೂತಿ, ಕೆಲವದರ ಮೇಲೆ ಬಾಡಿದ ಬಿಲ್ವಪತ್ರೆ. ತೀರಿಹೋದವರಿಗೆ ಪಿಂಡ ಇಡುವ ಬದಲು ಅವರ ಹೆಸರಿನಲ್ಲಿ ಲಿಂಗ ಸ್ಥಾಪಿಸುವುದು ಇಲ್ಲಿನ ಪದ್ಧತಿ. ನೂರಾರು ವರ್ಷಗಳಿಂದ ನಡೆದುಬಂದ ಈ ಕ್ರಮದಿಂದ ಲಿಂಗಗಳ ಸಂಖ್ಯೆ ಲಕ್ಷಗಟ್ಟಲೆ ಆಗಿದೆ ಎಂದು ಮಠದಲ್ಲಿ ಹೇಳುತ್ತಾರೆ.

ಜಮಖಂಡಿಯ ಅಜ್ಜಿ ಬಂದದ್ದೂ ಅದಕ್ಕೇ. ‘ನಮ್ಮ ಮನಿಯವರು ಹೋಗಿ ಮೂರ ವರ್ಷಾತು. ಕಾಶಿಗೆ ಹೋಗೂಣು ಅಂತಿದ್ರು, ಆಗಲಿಲ್ಲ. ಈಗ ಅವರ ಹೆಸರಿಲೆ ಒಂದ ಲಿಂಗ ಇಡಸೂಣು ಅಂತ ಬಂದೀನಿ’ ಎಂದರು. ಮಂತ್ರ ಮುಗಿದ ಮೇಲೆ ಅವರು ಲಿಂಗದ ಮೇಲೆ ನೀರು ಹಾಕಿ, ಸೆರಗಿನ ತುದಿಯಿಂದ ಅದನ್ನು ಒರೆಸಿದರು. ಮನೆಯಲ್ಲಿ ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ಒರೆಸಿದರು. ಹಳೆಯ ಲಿಂಗಗಳ ನಡುವೆ ಅದು ಕೂತ ಮೇಲೆ ಯಾವುದು ಹೊಸದು ಎಂದು ಗುರುತಿಸುವುದು ನನ್ನಿಂದಾಗಲಿಲ್ಲ. ಅಜ್ಜಿಗೆ ಮಾತ್ರ ಗೊತ್ತಿತ್ತು.

ಮಠದ ಜಗದ್ಗುರು ವಿಶ್ವಾರಾಧ್ಯ ಗುರುಕುಲದಲ್ಲಿ ಸಂಸ್ಕೃತ ಕಲಿತು ಬಂದ ಸ್ವಾಮಿಗಳು ಕರ್ನಾಟಕದ ಮಠಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 2020ರ ಫೆಬ್ರುವರಿ 16ರಂದು ಆ ಗುರುಕುಲದ ಶತಮಾನೋತ್ಸವದ ಸಮಾರೋಪ ನಡೆದಾಗ ಪ್ರಧಾನಿ ನರೇಂದ್ರ ಮೋದಿ ಇಲ್ಲಿಗೆ ಬಂದು, 19 ಭಾಷೆಗಳಿಗೆ ಅನುವಾದಗೊಂಡ ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ಯನ್ನು ಬಿಡುಗಡೆ ಮಾಡಿದರು. ಆ ದಿನ ಸುದ್ದಿಯಾಗಿದ್ದ ಅಂಗಳದಲ್ಲಿ ನಾನು ಹೋದಾಗ ಕಂಡದ್ದು ಪಾಠ ಒಪ್ಪಿಸುತ್ತ ನಡೆದಾಡುತ್ತಿದ್ದ ಇಬ್ಬರು ಹುಡುಗರನ್ನು. ಸೂತ್ರ ಸಂಸ್ಕೃತದ್ದು, ನಡುವೆ ತಪ್ಪಿದಾಗ ತಿದ್ದಿಕೊಂಡದ್ದು ಕನ್ನಡದಲ್ಲಿ.

ನೀರಿನತ್ತ ಇಳಿಯುವ ದಾರಿ

ಚೌಕಕ್ಕೆ ಮರಳಿ ಪೂರ್ವಕ್ಕೆ ಹೊರಟರೆ ಹತ್ತು ನಿಮಿಷದಲ್ಲಿ ಗಂಗೆ. ರುದ್ರಾಕ್ಷಿ, ಹಿತ್ತಾಳೆ ಗಂಟೆ, ಮರದ ಆಟಿಕೆ, ಬಣ್ಣದ ಬಳೆ, ಪ್ಲಾಸ್ಟಿಕ್ ಕ್ಯಾನು, ತಾಮ್ರದ ಗಿಂಡಿ ದಾರಿಯುದ್ದಕ್ಕೂ ಹರಡಿರುತ್ತವೆ. ಗಂಗೆ ತುಂಬಿ ಬಾಯಿ ಬೆಸುಗೆ ಹಾಕಿದ ಆ ಗಿಂಡಿ ಎಷ್ಟು ಕನ್ನಡ ಮನೆಗಳ ದೇವರ ಗೂಡಿನಲ್ಲಿಲ್ಲ! ಯಾತ್ರೆಯಿಂದ ಮರಳಿದವರು ಗಂಗಾ ಸಮಾರಾಧನೆ ಮಾಡಿ ಊರಿಗೆ ಉಣಿಸುತ್ತಾರೆ, ನೆಂಟರ ಮಕ್ಕಳ ಮುಂಗೈಗೆ ಕಪ್ಪು ಕಾಶಿದಾರ ಕಟ್ಟುತ್ತಾರೆ. ಮದುವೆಯಲ್ಲಿ ಕೊಡೆ ಹಿಡಿದು ಕಾಶಿಗೆ ಹೊರಟ ವರನನ್ನು ಮಾವ ತಡೆದು ಕರೆತರುತ್ತಾನೆ. ಕಾಶಿ ಕಾಣದವರ ಮನೆಯಲ್ಲೂ ಕಾಶಿ ಇದ್ದೇ ಇದೆ.

ಬ್ರಹ್ಮ ಹತ್ತು ಅಶ್ವಮೇಧ ಮಾಡಿದ ಜಾಗ ದಶಾಶ್ವಮೇಧ ಎಂಬುದು ಪುರಾಣ. ಈಗಿನ ಘಾಟ್ ಹದಿನೆಂಟನೆಯ ಶತಮಾನದ ಮರಾಠರ ಕಾಣಿಕೆ. ಪೇಶ್ವೆ ಬಾಲಾಜಿ ಬಾಜಿರಾಯ ಕಟ್ಟಿಸಿದ್ದನ್ನು ಅಹಲ್ಯಾಬಾಯಿ ಹೋಳ್ಕರ್ ಮುಂದುವರಿಸಿದರು. 1780ರಲ್ಲಿ ವಿಶ್ವನಾಥನ ಈಗಿನ ಗುಡಿಯನ್ನು ಕಟ್ಟಿಸಿದವರೂ ಅವರೇ. ಪಕ್ಕದ ಮಾನ್‌ಮಂದಿರ ಘಾಟಿನಲ್ಲಿ ಅಂಬರದ ರಾಜಾ ಮಾನ್‌ಸಿಂಗ್ ಕಟ್ಟಿಸಿದ ಅರಮನೆಯಿದೆ. ಅದರ ಮಾಳಿಗೆಯ ಮೇಲೆ ಸವಾಯಿ ಜಯಸಿಂಹ ಹದಿನೆಂಟನೆಯ ಶತಮಾನದಲ್ಲಿ ಸ್ಥಾಪಿಸಿದ ವೇಧಶಾಲೆ. ದೆಹಲಿ, ಜೈಪುರ, ಉಜ್ಜಯಿನಿ, ಮಥುರಾಗಳಲ್ಲೂ ಆತ ಇಂಥವನ್ನು ಕಟ್ಟಿಸಿದ್ದ. ಆರತಿಗೆ ಬರುವ ಸಾವಿರಾರು ಜನರಲ್ಲಿ ಮೆಟ್ಟಿಲು ಹತ್ತಿ ಸಾಮ್ರಾಟ್ ಯಂತ್ರ ನೋಡುವವರು ಬೆರಳೆಣಿಕೆಯಷ್ಟು. ಅಲ್ಲಿಂದ ಗಂಗೆ ಉತ್ತರಕ್ಕೆ ಬಾಗುವ ಪರಿ ಕಣ್ತುಂಬ ಕಾಣುತ್ತದೆ.

ಮಳೆಗಾಲದಲ್ಲಿ ಈ ಮೆಟ್ಟಿಲುಗಳೆಲ್ಲ ನೀರಿನಡಿ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ಪ್ರವಾಹದಲ್ಲಿ ನೀರು 73.901 ಮೀಟರಿಗೆ ಏರಿತ್ತು. ನೀರು ಏರಿದ ದಿನಗಳಲ್ಲಿ ಆರತಿಯೂ ಮೇಲಿನ ಜಗಲಿಗೆ, ಮಾಳಿಗೆಗೆ ಏರುತ್ತದೆ; ನಿಲ್ಲುವುದಿಲ್ಲ.

ಚಳಿಗಾಲದ ನೊರೆ

ಚಳಿಗಾಲದಲ್ಲಿ ಹೋದವರು ಮಲೈಯೋ ತಿನ್ನದೆ ಬರಬಾರದು. ಹಾಲು ಕಾಯಿಸಿ ರಾತ್ರಿಯಿಡೀ ಬಯಲಲ್ಲಿ ಇಬ್ಬನಿಗೆ ಇಡುತ್ತಾರೆ. ನಸುಕಿನಲ್ಲಿ ಅದನ್ನು ಕಡೆದರೆ ನೊರೆ ಏಳುತ್ತದೆ. ಕೇಸರಿ, ಏಲಕ್ಕಿ ಬೆರೆತ ಆ ಹಳದಿ ನೊರೆಯನ್ನು ಮಣ್ಣಿನ ಕುಡಿಕೆಯಲ್ಲಿ ತುಂಬಿ ಕೊಡುತ್ತಾರೆ. ನಾಲಗೆಗೆ ತಾಗಿದೊಡನೆ ಕರಗುತ್ತದೆ. ಕುಡಿಕೆ ಖಾಲಿಯಾದ ಮೇಲೆ ಅದರಲ್ಲೇ ಒಂದು ಗುಟುಕು ಸಿಹಿ ಹಾಲು. ಬಿಸಿಲೇರಿದರೆ ನೊರೆ ಇಳಿದುಹೋಗುವುದರಿಂದ ಬೆಳಗಿನಲ್ಲೇ ಹುಡುಕಿ ಹೋಗಬೇಕು. ಸಂಜೆಗೆ ಟೊಮೆಟೊ ಚಾಟ್, ಕೊನೆಗೆ ಬನಾರಸಿ ಪಾನ್. ಆ ಪಾನಿಗೂ 2023ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು.

ಬದಲಾಗುತ್ತಿರುವ ಚೌಕ

2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮದ ಕಾರಿಡಾರ್ ಉದ್ಘಾಟನೆಯಾದ ಮೇಲೆ ಗೋದೌಲಿಯಾದ ಜನಸಂದಣಿ ಬಹಳ ಏರಿದೆ. ಅದಕ್ಕೆ ಪರಿಹಾರವಾಗಿ ಕ್ಯಾಂಟ್ ಸ್ಟೇಷನ್ನಿನಿಂದ ಗೋದೌಲಿಯಾವರೆಗೆ ಸುಮಾರು 3.8 ಕಿ.ಮೀ. ಉದ್ದದ ರೋಪ್‌ವೇಗೆ 2023ರ ಮಾರ್ಚ್ 24ರಂದು ಶಂಕುಸ್ಥಾಪನೆ ನಡೆಯಿತು. ದೇಶದ ನಗರವೊಂದರಲ್ಲಿ ಸಾರ್ವಜನಿಕ ಸಾರಿಗೆಗೆಂದೇ ಹಾಕಿಕೊಂಡ ಮೊದಲ ರೋಪ್‌ವೇ ಯೋಜನೆ ಇದು.

ಗೋದೌಲಿಯಾದಲ್ಲಿ ನೋಡಲು ಬರುವವರ ಭಾರ ದಿನವೂ ಹಬ್ಬದ ದಿನದಂತೆ ಇರುತ್ತದೆ. ಜನರನ್ನು ತಂದು ಇಳಿಸುವ ಸೌಕರ್ಯದಷ್ಟೇ ಓಣಿಗಳ ನೈರ್ಮಲ್ಯ, ಹಳೆಯ ಮನೆಗಳ ರಕ್ಷಣೆ, ಇಲ್ಲಿಯೇ ಬಾಳುವವರ ನೆಮ್ಮದಿಯೂ ಮುಖ್ಯವಾಗಬೇಕು.

ಹೋಗುವುದು ಹೇಗೆ?

ಮೈಸೂರು ಮತ್ತು ಹುಬ್ಬಳ್ಳಿಯಿಂದ ವಾರಾಣಸಿಗೆ ನೇರ ರೈಲುಗಳಿವೆ. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್‌ನಲ್ಲಿ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ನಿಗೆ, ಅಂದರೆ ಹಳೆಯ ಮೊಘಲ್‌ಸರಾಯ್‌ಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ಹೋಗಬಹುದು. ಕರ್ನಾಟಕ ಸರ್ಕಾರದ ನೆರವಿನ ಭಾರತ್ ಗೌರವ್ ಕಾಶಿ ದರ್ಶನ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಸಲ ಹೊರಟಿತು; ಯಾತ್ರಿಗಳಿಗೆ 5,000 ರೂಪಾಯಿ ಸಹಾಯಧನ ನೀಡಲಾಯಿತು. ಮುಂದಿನ ಯಾತ್ರೆಯ ದಿನಾಂಕವನ್ನು ಮುಜರಾಯಿ ಇಲಾಖೆಯಲ್ಲಿ ವಿಚಾರಿಸಿ. ವಿಮಾನದಲ್ಲಿ ಹೋಗುವವರಿಗೆ ಬಾಬತ್‌ಪುರದ ನಿಲ್ದಾಣ ಊರಿನಿಂದ ಸುಮಾರು 25 ಕಿ.ಮೀ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಹಿರಿಯರು ಜೊತೆಗಿದ್ದರೆ ವಸತಿಯನ್ನು ಗೋದೌಲಿಯಾ ಸುತ್ತಲೇ ಹುಡುಕಿ. ನಡಿಗೆ ಅರ್ಧ ಉಳಿಯುತ್ತದೆ. ಹನುಮಾನ್ ಘಾಟಿನ ಬಳಿ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಕೂಡ ಇದೆ. ದೋಣಿಯಲ್ಲಿ ಹೋಗುವಾಗ ತೋರಿಸಲು ಅಂಬಿಗನಿಗೆ ಹೇಳಿ.

ಎರಡನೆಯ ದಿನ ಹೊರಡುವ ಮುನ್ನ ಚೌಕದಲ್ಲಿ ಮತ್ತೆ ಅಜ್ಜಿ ಸಿಕ್ಕರು. ಕೈಯಲ್ಲಿ ತಾಮ್ರದ ಗಿಂಡಿ, ಮೊಮ್ಮಕ್ಕಳಿಗೆಂದು ಕಟ್ಟು ಕಾಶಿದಾರ. ನಂದಿಯತ್ತ ಇನ್ನೊಮ್ಮೆ ಕೈಯೆತ್ತಿ ಮುಗಿದು ರಿಕ್ಷಾ ಹತ್ತಿದರು. ಓದುಗರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಕಾಶಿಗೆ ಹೋದಾಗ ಗೋದೌಲಿಯಾಕ್ಕೆ ಅರ್ಧ ದಿನ ಎತ್ತಿಡಿ. ಜಂಗಮವಾಡಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ನೆನಪು ಆ ಕಲ್ಲುಗಳಲ್ಲಿ ಕೂತಿದೆ.